ರವಿಕೆ ಹಿಡಿಸುವುದು ನಿಂತ ಮೇಲೆ ಬನ್ನಿ

ತಿಂಗಳಿಗೆ ಎರಡು ಶನಿವಾರ ಮೈಸೂರಿನಿಂದ ಮಡಿಕೇರಿಗೆ ಬಂದು ರೋಗಿಗಳನ್ನು ನೋಡುತ್ತೇನೆ. ಕಳೆದ ವರ್ಷದ ಜನವರಿಯಲ್ಲಿ ಬಂದಿದ್ದ ಮೂವತ್ತೆಂಟರ ಹೆಂಗಸೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದ್ದರು. "ಡಾಕ್ಟ್ರೇ, 14 ಕೆಜಿ ಇಳಿಸಿದೆ. ಹೊಟ್ಟೆ ಹೋಯ್ತು, ಕೆನ್ನೆನೂ ಹೋಯ್ತು, ಎದೆ ಮಾತ್ರ ಜೋತು ಬಿತ್ತು. ಏಪ್ರಿಲ್‌ನಲ್ಲಿ ತಂಗಿ ಮದುವೆ. ಅಷ್ಟರೊಳಗೆ ಲಿಫ್ಟ್ ಮಾಡಿಕೊಡ್ತೀರಾ?"

ಲಿಫ್ಟ್ ಎಂದರೆ ಜೋತ ಸ್ತನವನ್ನು ಮೇಲೆತ್ತಿ ಕೂರಿಸುವ ಆಪರೇಷನ್. ಅದನ್ನು ಕೇಳಿ ಬರುವವರನ್ನು ತೂಕದ ಯಂತ್ರ ಹತ್ತಿಸುವ ಮೊದಲು ನಾನು ಟೈಲರ್ ವಿಚಾರ ಕೇಳುತ್ತೇನೆ. ರವಿಕೆ ಕೊನೆಗೆ ಹಿಡಿಸಿ ಬಿಗಿ ಮಾಡಿಸಿದ್ದು ಯಾವಾಗ? ಆಕೆ ನಕ್ಕರು. ವರ್ಷದ ಕೊನೆಯ ಸುಗ್ಗಿ ಹಬ್ಬ ಹುತ್ತರಿಗೆ ಒಮ್ಮೆ ಹಿಡಿಸಿದ್ದರಂತೆ, ಈಗ ಅದೂ ಸಡಿಲ. ಇನ್ನೂ ಆರೇಳು ಕೆಜಿ ಇಳಿಸುವ ಲೆಕ್ಕವಿತ್ತು. ಏಪ್ರಿಲ್‌ಗೆ ಬೇಡ ಎಂದೆ. ಮುಖ ಸಣ್ಣದಾಯಿತು.

ಸ್ತನದಲ್ಲಿ ಹಾಲಿನ ಗ್ರಂಥಿಯೂ ಇದೆ, ಕೊಬ್ಬೂ ಇದೆ. ಯಾವುದು ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೊಬ್ಬು ಹೆಚ್ಚಿರುವವರಿಗೆ ತೂಕ ಇಳಿದರೆ ಎದೆಯೂ ಬೇಗ ಇಳಿಯುತ್ತದೆ, ಗ್ರಂಥಿ ಹೆಚ್ಚಿರುವವರಿಗೆ ಅಷ್ಟೇನೂ ವ್ಯತ್ಯಾಸ ಕಾಣದು. ಹಾಗಾಗಿ ಅಕ್ಕನಿಗೆ ಹೀಗಾಯಿತು, ನನಗೂ ಹೀಗೇ ಆಗುತ್ತದೆ ಎನ್ನುವಂತಿಲ್ಲ. ಒಮ್ಮೆ ಹಿಗ್ಗಿದ ಚರ್ಮವಂತೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ತೋಟದವರಿಗೆ ನಾನು ಹೇಳುವುದಿಷ್ಟೆ: 50 ಕೆಜಿಯ ಚೀಲದಲ್ಲಿ 30 ಕೆಜಿ ಕಾಫಿ ತುಂಬಿ ನಿಲ್ಲಿಸಿ ನೋಡಿ. ಮೇಲೆಲ್ಲ ಖಾಲಿ, ಇದ್ದದ್ದೆಲ್ಲ ಕೆಳಗೆ.

ಲಿಫ್ಟ್‌ನಲ್ಲಿ ನಾವು ಮಾಡುವುದು ಚೀಲವನ್ನು ಸಣ್ಣದಾಗಿಸುವ ಕೆಲಸ. ರೋಗಿಯನ್ನು ನಿಲ್ಲಿಸಿ, ಕತ್ತಿನ ಕುಳಿಯಿಂದ ಮೊಲೆತೊಟ್ಟಿನವರೆಗೆ ಟೇಪ್ ಹಿಡಿದು, ಪೆನ್ನಿನಿಂದ ಗೆರೆ ಎಳೆಯುತ್ತೇವೆ. ಆ ಗೆರೆ ಆ ದಿನದ ದೇಹಕ್ಕೆ ಮಾತ್ರ ಸರಿ. ಆಮೇಲೆ ಮತ್ತೆ ಏಳೆಂಟು ಕೆಜಿ ಹೋದರೆ ಎದೆ ಮತ್ತೆ ಜೋಲುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಎರಡನೇ ಸಲ ಅದೇ ಜಾಗ ಕುಯ್ಯುವಾಗ ತೊಟ್ಟಿನ ರಕ್ತಸಂಚಾರಕ್ಕೆ ಅಪಾಯವೂ ಹೆಚ್ಚು. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಒಬ್ಬರ ಒತ್ತಾಯಕ್ಕೆ ಮಣಿದು, ಅರ್ಧ ಇಳಿದ ತೂಕದಲ್ಲೇ ಮಾಡಿಬಿಟ್ಟಿದ್ದೆ. ಒಂದೂವರೆ ವರ್ಷದ ಬಳಿಕ ಆಕೆ ಮತ್ತೆ ಎದುರು ಕೂತಾಗ ನಾನು ಹೇಳಬೇಕಿದ್ದ ಮಾತು ಆಕೆಯೇ ಹೇಳಿದರು: "ಕಾಯಬೇಕಿತ್ತಲ್ವಾ ಮೇಡಂ?"

ಎಷ್ಟು ಕಾಯಬೇಕು? ಊಟ, ನಡಿಗೆಯಿಂದ ಇಳಿಸಿದವರು ಗುರಿ ಮುಟ್ಟಿದ ಮೇಲೆ ಕನಿಷ್ಠ ಆರು ತಿಂಗಳು. ಎರಡು ಮೂರು ಕೆಜಿ ಆಚೀಚೆ ಆದರೆ ಲೆಕ್ಕಕ್ಕಿಲ್ಲ. ತೂಕ ಇಳಿಸಲು ಜಠರ ಚಿಕ್ಕದಾಗಿಸುವ ಬೇರಿಯಾಟ್ರಿಕ್ ಸರ್ಜರಿ ಆದವರು 12ರಿಂದ 18 ತಿಂಗಳು. ಇವರಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಕೊರತೆ ಸಾಮಾನ್ಯ. ರಕ್ತ ಪರೀಕ್ಷೆ ಸರಿಯಿಲ್ಲದೆ ಚಾಕು ಹಿಡಿದರೆ ಗಾಯ ಕೂಡುವುದಿಲ್ಲ.

ಗುರಿಯ ಸಂಖ್ಯೆಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. 62 ಎಂದು ಬರೆದುಕೊಂಡು, ಪಂದಿಕರಿ ಕಡಂಬಿಟ್ಟು ಮುಟ್ಟದೆ ಮೂರು ತಿಂಗಳು ಕೂತು 62 ಮುಟ್ಟಿದವರನ್ನು ನೋಡಿದ್ದೇನೆ. ಹುತ್ತರಿ ದಾಟಿ, ಏಪ್ರಿಲ್ ಮೇ ತಿಂಗಳ ಮದುವೆ ಮನೆಗಳನ್ನೂ ದಾಟಿ, ಎಲ್ಲರಂತೆ ಉಂಡೂ 66ರಲ್ಲಿ ನಿಂತಿದ್ದರೆ, ನನಗೆ ಆ 66 ಸಾಕು.

ದೊಡ್ಡ ಸ್ತನದ ಭಾರವನ್ನೇ ಕಡಿಮೆ ಮಾಡುವ ರಿಡಕ್ಷನ್‌ಗೆ ನಾನು ಇಷ್ಟು ಹಟ ಹಿಡಿಯುವುದಿಲ್ಲ. ಬ್ರಾ ಪಟ್ಟಿ ಭುಜದಲ್ಲಿ ಗುಳಿ ಬೀಳಿಸಿರುತ್ತದೆ, ಕತ್ತು ನೋವು ಬಿಟ್ಟಿರುವುದಿಲ್ಲ. ಬಟ್ಟೆಯನ್ನು ಒಲೆಯ ಮೇಲೆ ಒಣಗಿಸಬೇಕಾದ ನಮ್ಮ ಮಳೆಗಾಲದಲ್ಲಿ ಎದೆಯ ಕೆಳಗಿನ ಮಡಿಕೆ ಕೆಂಪಗಾಗಿ ಹುಣ್ಣಾಗುತ್ತದೆ. ಅವರಿಗೆ ಮೊದಲು ಓಡಿ ತೂಕ ಇಳಿಸಿ ಬಾ ಎನ್ನುವುದು ಅನ್ಯಾಯ, ಓಡಲಾಗದೆಯೇ ಅವರು ಬಂದಿರುವುದು. ತೂಕ ತೀರಾ ಹೆಚ್ಚಿದ್ದರೆ ಗಾಯದ ತೊಂದರೆಯೂ ಹೆಚ್ಚು, ಆದ್ದರಿಂದ ಸ್ವಲ್ಪ ಇಳಿಸಿಸುತ್ತೇನೆ. ಪೂರ್ತಿ ಇಳಿಯಲಿ ಎಂದು ಕೂರುವುದಿಲ್ಲ. ಮುಂದೆ ಇನ್ನಷ್ಟು ಇಳಿದರೆ ಆಕಾರ ಬದಲಾಗಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ.

ಎದೆ ದೊಡ್ಡದಾಗಿಸಲು ಒಳಗೆ ಇಂಪ್ಲಾಂಟ್ ಇಟ್ಟುಕೊಂಡವರು ತೂಕ ಇಳಿಸಿದರೆ ಇಂಪ್ಲಾಂಟ್ ಇದ್ದಂತೇ ಇರುತ್ತದೆ, ಅದರ ಮೇಲಿನ ಹೊದಿಕೆ ತೆಳುವಾಗಿ ಅಂಚು ಕೈಗೆ ಸಿಗಬಹುದು. ಹೊಟ್ಟೆ, ತೊಡೆಯ ಕೊಬ್ಬು ತೆಗೆದು ಎದೆಗೆ ತುಂಬಿಸುವುದಾದರೆ ಆ ಕೊಬ್ಬು ಹೊಸ ಜಾಗದಲ್ಲೂ ಹಳೆಯ ಬುದ್ಧಿ ಬಿಡುವುದಿಲ್ಲ. ಮೈ ಇಳಿದರೆ ಅದೂ ಇಳಿಯುತ್ತದೆ.

ಈಗ ಹೊಸದೊಂದು ಸೇರಿಕೊಂಡಿದೆ. 2025ರಲ್ಲಿ ತೂಕ ಇಳಿಸುವ ಔಷಧಗಳಾದ ಮೌಂಜಾರೋ, ವೆಗೋವಿ ನಮ್ಮ ಮಾರುಕಟ್ಟೆಗೆ ಬಂದ ಮೇಲೆ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಅದನ್ನು ಮಾತ್ರ ಬಚ್ಚಿಡಬೇಡಿ. ಆ ಔಷಧ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದು, ಅರಿವಳಿಕೆ ಕೊಟ್ಟಾಗ ಶ್ವಾಸಕೋಶಕ್ಕೆ ಹೋಗಬಹುದು. ಅರಿವಳಿಕೆ ವೈದ್ಯರು ಒಂದು ಡೋಸ್ ತಪ್ಪಿಸಿ ಎನ್ನಬಹುದು, ಹಿಂದಿನ ದಿನ ಗಂಜಿ ತಿಳಿ, ನೀರಿನಂಥದ್ದೇ ಕುಡಿಯಿರಿ ಎನ್ನಬಹುದು. ನೀವಾಗಿಯೇ ನಿಲ್ಲಿಸಬೇಡಿ. ಇಂಜೆಕ್ಷನ್ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ತೂಕ ಮರಳುತ್ತದೆ. ಹಾಗಾಗಿ ಮುಂದುವರಿಸುತ್ತೀರೋ ಬಿಡುತ್ತೀರೋ ಎಂಬುದು ತೀರ್ಮಾನವಾಗಿ ತೂಕ ನಿಂತ ಮೇಲೆ ನನ್ನ ಆರು ತಿಂಗಳ ಲೆಕ್ಕ ಶುರು.

ಮಗು ಬೇಕೆಂದಿದ್ದರೆ ಅದು ಮೊದಲಾಗಲಿ, ಹಾಲು ಬಿಡಿಸಿ ಆರು ತಿಂಗಳು ಕಳೆಯಲಿ. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ.

ಇನ್ನು ನಮ್ಮ ರಸ್ತೆ. ಆಪರೇಷನ್ ಆದ ಮೊದಲ ಒಂದೆರಡು ದಿನ ಒಳಗೆ ರಕ್ತ ಕಟ್ಟಿಕೊಂಡರೆ ತಕ್ಷಣ ವಾಪಸ್ ಬರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆಗಿದ್ದು ನಿಮಗೆಲ್ಲ ನೆನಪಿದೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನವರಿಗೆ ತುರ್ತಿಲ್ಲದ ಆಪರೇಷನ್ ದಿನಾಂಕ ಕೊಡುವುದಿಲ್ಲ. ಆರು ವಾರ ಭಾರ ಎತ್ತುವಂತಿಲ್ಲವಾದ್ದರಿಂದ ಕಾಫಿ ಕೊಯ್ಲಿನ ಹೊತ್ತೂ ಬೇಡ.

ಮೂವತ್ತೆಂಟರ ಆ ಹೆಂಗಸು ತಂಗಿಯ ಮದುವೆಗೆ ರವಿಕೆ ಇನ್ನೊಮ್ಮೆ ಹಿಡಿಸಿಕೊಂಡೇ ಹೋದರು. ಮಳೆಗಾಲದೊಳಗೆ ಇನ್ನೂ ಆರು ಕೆಜಿ ಇಳಿಯಿತು. ಆಮೇಲೆ ಹುತ್ತರಿ ಬಂತು, ಈ ವರ್ಷದ ಮದುವೆಗಳೂ ಮುಗಿದವು, ಏರಿದ್ದು ಒಂದೇ ಕೆಜಿ. ಹೋದ ಶನಿವಾರ ಕೇಳದೆಯೇ ಹೇಳಿದರು: ಟೈಲರ್ ಈ ಸಲ ಅಳತೆ ತೆಗೆಯಲೇ ಇಲ್ಲವಂತೆ, ಹಳೆಯ ಚೀಟಿಯಲ್ಲೇ ಹೊಲಿದು ಕೊಟ್ಟನಂತೆ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಮುಗಿದ ಮರುವಾರಕ್ಕೆ ದಿನಾಂಕ ಬರೆದುಕೊಟ್ಟೆ.