ಸಾಗುವಳಿ ಚೀಟಿ ಕೈಲಿದೆ, ಪೋಡಿ ಆಗಿಲ್ಲ: ಬಗರ್‌ಹುಕುಂ ಕಡತ ಹಾದುಬಂದ ದಾರಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕು ಕಚೇರಿಗಳ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ನಿಂತವರ ಬಾಯಲ್ಲಿ ಮೂರು ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ: 50, 53, 57. ಮೂರೂ ಬಗರ್‌ಹುಕುಂ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಸಿಕೊಳ್ಳಲು ಹಾಕುವ ಅರ್ಜಿಯ ನಮೂನೆಗಳು. ಅಪ್ಪ 50ರಲ್ಲಿ ಅರ್ಜಿ ಹಾಕಿದ್ದು, ಅದೇ ಜಮೀನಿಗೆ ಮಗ 57ರಲ್ಲಿ ಮತ್ತೆ ಅರ್ಜಿ ಹಾಕಿರುವ ಮನೆಗಳು ಈ ಭಾಗದಲ್ಲಿ ಕಡಿಮೆಯೇನಿಲ್ಲ. ಒಂದೇ ತುಂಡು ನೆಲಕ್ಕೆ ಎರಡು ತಲೆಮಾರು ಅಲೆಯುವುದು ಕಾನೂನು ಇಲ್ಲದ್ದಕ್ಕಲ್ಲ. ಕಾನೂನು 1991ರಿಂದಲೇ ಇದೆ. ಕಡತ ಯಾವ ಮೇಜಿನಲ್ಲಿ, ಏಕೆ ನಿಂತಿತು ಎಂದು ನೋಡಿದರೆ ಮಾತ್ರ ಇದು ಅರ್ಥವಾಗುತ್ತದೆ.

ಹಿಂದಿನದನ್ನು ಬೇಗ ಹೇಳಿಬಿಡಬಹುದು. ವಂಶಪಾರಂಪರ್ಯ ಶಾನುಭೋಗಿಕೆ 1960ರ ದಶಕದ ಆರಂಭದಲ್ಲಿ ರದ್ದಾಯಿತು, 1964ರಲ್ಲಿ ಭೂಕಂದಾಯ ಕಾಯ್ದೆ ಬಂತು, 1969ರಲ್ಲಿ ಭೂ ಮಂಜೂರಾತಿ ನಿಯಮ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಉಳುವವನಿಗೆ ಭೂಮಿ. ಗೇಣಿದಾರರಿಗೆ ಟ್ರಿಬ್ಯುನಲ್ ಇತ್ತು. ಆದರೆ ಯಾವ ಧಣಿಯ ಜಮೀನನ್ನೂ ಗೇಣಿಗೆ ಮಾಡದೆ, ಊರಾಚೆಯ ಗೋಮಾಳವನ್ನೋ ಹುಲ್ಲುಬನ್ನಿಯನ್ನೋ ಕಾವಲಿನ ಅಂಚನ್ನೋ ಹದ ಮಾಡಿಕೊಂಡವರಿಗೆ ಟ್ರಿಬ್ಯುನಲ್‌ನಲ್ಲಿ ಜಾಗವಿರಲಿಲ್ಲ. ಅರಸೀಕೆರೆ, ಕಡೂರಿನ ಬಯಲಲ್ಲಿ ರಾಗಿ, ತೆಂಗು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕಾಫಿ, ಮೆಣಸು, ಅಡಿಕೆ. ಅವರ ಬಳಿ ಇದ್ದ ಒಂದೇ ದಾಖಲೆ ಒತ್ತುವರಿಗೆ ಕಟ್ಟಿದ ಟಿ.ಟಿ. ದಂಡದ ರಸೀದಿ. ದಂಡ ಕಟ್ಟಿಸಿಕೊಂಡ ಸರ್ಕಾರವೇ ಮುಂದೆ ಅದನ್ನು ಸಾಗುವಳಿಗೆ ಪುರಾವೆಯಾಗಿ ಕೇಳಿತು.

1991ರಲ್ಲಿ ಭೂಕಂದಾಯ ಕಾಯ್ದೆಗೆ 94ಎ ಕಲಂ ಸೇರಿ ನಮೂನೆ 50 ಬಂತು. 1990ರ ಏಪ್ರಿಲ್ 14ಕ್ಕೂ ಹಿಂದಿನಿಂದ ಉಳುಮೆಯಲ್ಲಿದ್ದವರಿಗೆ ಅದು. ಆಗ ತಪ್ಪಿಸಿಕೊಂಡವರಿಗೆ 1998-99ರ ಸುಮಾರಿಗೆ ನಮೂನೆ 53. 2018ರ ತಿದ್ದುಪಡಿಯಿಂದ ನಮೂನೆ 57, ಇದಕ್ಕೆ 2005ರ ಜನವರಿ 1ಕ್ಕೂ ಮೊದಲಿನ ಸಾಗುವಳಿ ಇರಬೇಕು. ಅರ್ಜಿದಾರರ ಸ್ವಂತ ಜಮೀನೂ ಸೇರಿ ಒಟ್ಟು 4 ಎಕರೆ 38 ಗುಂಟೆ ಮೀರುವಂತಿಲ್ಲ. ಪಟ್ಟಣಗಳ ಸುತ್ತ ಇಂತಿಷ್ಟು ಕಿಲೋಮೀಟರ್ ಒಳಗಿನ ಜಮೀನು ಕೊಡುವಂತಿಲ್ಲ. ತೀರ್ಮಾನಿಸುವುದು ತಾಲ್ಲೂಕು ಮಟ್ಟದ ಸಕ್ರಮೀಕರಣ ಸಮಿತಿ. ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ.

ಬರಹದಲ್ಲಿ ಇದು ಸರಳವಾಗಿದೆ. ನಡೆಯಲ್ಲಿ ಒಂದು ಅರ್ಜಿ ಹಾದುಹೋಗಬೇಕಾದ ಮೇಜುಗಳನ್ನು ಗಮನಿಸಬೇಕು. ಮೊದಲು ಗ್ರಾಮ ಲೆಕ್ಕಿಗರು (ಈಗಿನ ಹೆಸರು ಗ್ರಾಮ ಆಡಳಿತಾಧಿಕಾರಿ) ಸ್ಥಳಕ್ಕೆ ಹೋಗಿ ಮಹಜರು ಮಾಡಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು, ಯಾವಾಗಿನಿಂದ ಉಳುಮೆ ಎಂದು ವರದಿ ಕೊಡಬೇಕು. ರಾಜಸ್ವ ನಿರೀಕ್ಷಕರು ಅದನ್ನು ದೃಢಪಡಿಸಬೇಕು. ಭೂಮಾಪಕರು ಸ್ಕೆಚ್ ತಯಾರಿಸಬೇಕು. ಗೋಮಾಳವಾದರೆ ಇನ್ನೊಂದು ಲೆಕ್ಕ: 100 ಜಾನುವಾರಿಗೆ 30 ಎಕರೆ ಮೇವಿಗೆ ಬಿಟ್ಟು, ಮಿಕ್ಕಿದ್ದರೆ ಮಾತ್ರ ಹೆಚ್ಚುವರಿ ಎಂದು ಕೊಡಬಹುದು. ಆ ಊರಿನಲ್ಲಿ ದನಕರು ಎಷ್ಟಿವೆ ಎಂಬ ವರದಿ ಬರಬೇಕು. ಆಮೇಲೆ ಸಮಿತಿಯ ಮುಂದೆ ಮಂಡನೆ, ನಡಾವಳಿ ಪುಸ್ತಕದಲ್ಲಿ ನಮೂದು, ಮಂಜೂರಾತಿ ಆದೇಶ, ಕಿಮ್ಮತ್ತಿನ ಚಲನ್, ಮಂಜೂರಾದದ್ದಕ್ಕೆ ಕೊಡುವ ಸಾಗುವಳಿ ಚೀಟಿ, ಖಾತೆ, ಕೊನೆಗೆ ಪೋಡಿ (ಮಂಜೂರಾದ ತುಂಡನ್ನು ಅಳೆದು ಬೇರ್ಪಡಿಸುವುದು) ಮತ್ತು ದುರಸ್ತಿ (ಅದಕ್ಕೆ ತಕ್ಕಂತೆ ದಾಖಲೆ ತಿದ್ದುವುದು).

ಇಲ್ಲಿ ಯಾವ ಹಂತದಲ್ಲೂ ಅರ್ಜಿ ತಿರಸ್ಕರಿಸಬೇಕಾಗಿಲ್ಲ. ಸುಮ್ಮನೆ ಇಟ್ಟುಕೊಂಡರೆ ಸಾಕು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಅದರ ಮೇಲೆ ಮೇಲ್ಮನವಿ ಹೋಗಬಹುದು. ಇಟ್ಟುಕೊಂಡ ಕಡತದ ಮೇಲೆ ಮೇಲ್ಮನವಿ ಹಾಕಲು ಆದೇಶವೇ ಇರುವುದಿಲ್ಲ. ಲಂಚ ಹುಟ್ಟಿದ್ದು ಹೆಚ್ಚಾಗಿ ಈ ಜಾಗದಲ್ಲಿ. ಅರ್ಹತೆ ಇಲ್ಲದವರು ಜಮೀನಿಗಾಗಿ ಕೊಟ್ಟರು, ಅರ್ಹತೆ ಇದ್ದವರು ತಮ್ಮದೇ ಕಡತ ಮುಂದಿನ ಮೇಜಿಗೆ ಏರಲಿ ಎಂದು ಕೊಟ್ಟರು. ಎರಡನೆಯವರ ಸಂಖ್ಯೆಯೇ ದೊಡ್ಡದು, ಅವರ ಬಗ್ಗೆ ಮಾತಾಡುವವರು ಕಡಿಮೆ.

ಅರ್ಹತೆ ಇಲ್ಲದವರಿಗೆ ಜಮೀನು ಹೋದ ಬಗೆ ಬೇರೆ. ವಿಧಾನಸಭೆಯ ಅವಧಿ ಮುಗಿದರೆ ಸಮಿತಿಯೂ ಇರುವುದಿಲ್ಲ, ಹೊಸದು ರಚನೆಯಾಗುವವರೆಗೆ ಸಭೆ ನಡೆಯುವಂತಿಲ್ಲ. ಆದರೆ ನಡಾವಳಿ ಪುಸ್ತಕದಲ್ಲಿ ಕೊನೆಯ ಸಭೆಯ ಸಹಿಗಳ ಮೇಲೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರೆ ಆ ಸಾಲುಗಳಿಗೆ ಬೆಲೆ ಬರುತ್ತದೆ. ಹಳೆ ದಿನಾಂಕ ಹಾಕಿ ಹೆಸರು ಸೇರಿಸುವುದು, ಅದಕ್ಕೆ ತಕ್ಕ ಹಾಗೆ ಚೀಟಿ ಬರೆಯುವುದು, ವರ್ಷಗಳಾದ ಮೇಲೆ ಆ ಚೀಟಿ ಹಿಡಿದು ಬಂದು ಖಾತೆ ಮಾಡಿಸುವುದು. ಮೂಲ ಕಡತ ಕೇಳಿದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ. ದನಗಳ ಲೆಕ್ಕ ಕಡಿಮೆ ತೋರಿಸಿದರೆ ಹೆಚ್ಚುವರಿ ಗೋಮಾಳ ತಾನಾಗಿ ಹೆಚ್ಚುತ್ತದೆ. ಹಳ್ಳ, ದಾರಿ ಇರುವ ಬಿ ಖರಾಬು ಯಾರಿಗೂ ಕೊಡುವಂತಿಲ್ಲ, ಅದನ್ನೂ ವಿಸ್ತೀರ್ಣಕ್ಕೆ ಸೇರಿಸಿ ಮಂಜೂರು ಮಾಡಿದರೆ ಊರಿನ ದಾರಿ ಒಬ್ಬರ ಪಹಣಿಯೊಳಗೆ ಹೋಗುತ್ತದೆ. ಕಡೂರು ಮತ್ತು ಮೂಡಿಗೆರೆ ತಾಲ್ಲೂಕುಗಳ ಮಂಜೂರಾತಿ ಕಡತ ಪರಿಶೀಲಿಸಲು 2023ರಲ್ಲಿ ಸರ್ಕಾರ ತಹಶೀಲ್ದಾರರ ತಂಡವನ್ನೇ ಕಳಿಸಬೇಕಾಯಿತು. ಹಾಸನದಲ್ಲಿ ಗೊರೂರಿನ ಹೇಮಾವತಿ ಜಲಾಶಯದಿಂದ ಮುಳುಗಡೆಯಾದವರಿಗೆಂದು ಮೀಸಲಿಟ್ಟ ಭೂಮಿಯಲ್ಲೂ ನಕಲಿ ಮಂಜೂರಾತಿಯ ದೂರುಗಳು ತನಿಖೆಯ ಮೆಟ್ಟಿಲೇರಿದವು. ಮನೆ, ಗದ್ದೆ ನೀರಿಗೆ ಬಿಟ್ಟುಕೊಟ್ಟವರ ಹೆಸರಲ್ಲಿ ಬೇರೆಯವರು ಜಮೀನು ಪಡೆದದ್ದು ಈ ಇಡೀ ಇತಿಹಾಸದಲ್ಲೇ ಹೆಚ್ಚು ನೋವಿನ ಅಧ್ಯಾಯ.

2000ದ ಹೊತ್ತಿಗೆ ಭೂಮಿ ಯೋಜನೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಖಾತೆ ಬದಲಾವಣೆಗೆ ಸರತಿ ಕ್ರಮ ಬಂತು, ಮೊದಲು ಬಂದ ಅರ್ಜಿ ಬಿಟ್ಟು ಎರಡನೆಯದನ್ನು ತೆಗೆಯಲು ತಂತ್ರಾಂಶ ಬಿಡುತ್ತಿರಲಿಲ್ಲ. ಇದು ನಿಜವಾದ ಬದಲಾವಣೆ, ಇದನ್ನು ಕಡೆಗಣಿಸಬಾರದು. ಪಹಣಿ ಬರೆಸಲು ಊರೂರು ಹುಡುಕಿಕೊಂಡು ಹೋಗುವ ಕಾಲ ಮುಗಿಯಿತು. ಆದರೆ ಕಂಪ್ಯೂಟರಿಗೆ ಹೋದದ್ದು ಹಳೆ ಪುಸ್ತಕದಲ್ಲಿ ಇದ್ದದ್ದೇ. ತಪ್ಪು ವಿಸ್ತೀರ್ಣ ತಪ್ಪಾಗಿಯೇ ಅಚ್ಚಾಯಿತು. ಅಳತೆ, ನಕ್ಷೆ ಭೂಮಿ ಯೋಜನೆಯ ಹೊರಗೇ ಉಳಿದವು. ಪಹಣಿ ಕೌಂಟರಿನ ಮುಂದಿದ್ದ ಜನ ಸರ್ವೆ ಶಾಖೆಯ ಬಾಗಿಲಿಗೆ ಹೋದರು.

ಪೋಡಿಯ ಸಮಸ್ಯೆ ಅರ್ಥವಾಗಲು ಒಂದು ಲೆಕ್ಕ ಹಾಕಿ ನೋಡಬಹುದು. 100 ಎಕರೆಯ ಒಂದು ಗೋಮಾಳದ ಸರ್ವೆ ನಂಬರ್ ಇದೆ ಎನ್ನಿ. ಅದರಲ್ಲಿ 45 ಜನರಿಗೆ ಬೇರೆ ಬೇರೆ ವರ್ಷಗಳಲ್ಲಿ ಎರಡು, ಮೂರು ಎಕರೆ ಮಂಜೂರಾಗಿದೆ. ಯಾರ ತುಂಡು ಎಲ್ಲಿ ಎಂದು ಅಳೆದು, ಕಲ್ಲು ನೆಟ್ಟು, ಹೊಸ ನಂಬರ್ ಕೊಡಬೇಕಿತ್ತು. ಅದು ಆಗಿಲ್ಲ. ಹಾಗಾಗಿ ಪಹಣಿ ಒಂದೇ, 9ನೇ ಕಾಲಂನಲ್ಲಿ 45 ಹೆಸರು. ಎಲ್ಲರ ಮಂಜೂರಾತಿ ಕೂಡಿದರೆ 112 ಎಕರೆ ಬರುತ್ತದೆ, ಆಕಾರ್‌ಬಂದ್‌ನಲ್ಲಿ (ಸರ್ವೆ ನಂಬರಿನ ಮೂಲ ವಿಸ್ತೀರ್ಣದ ದಾಖಲೆ) ಇರುವುದು 100. ಹೆಚ್ಚಾದ 12 ಎಕರೆ ಯಾರದು? ಅದನ್ನು ತೀರ್ಮಾನಿಸದೆ ಯಾರ ಪೋಡಿಯೂ ಮುಂದೆ ಹೋಗದು. ನಿಜವಾಗಿ ಉಳುತ್ತಿರುವವರೂ, ಹಿಂದಿನ ದಿನಾಂಕದ ಚೀಟಿಯವರೂ ಒಂದೇ ಪಹಣಿಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಮಂಜೂರಿದಾರರ ಪೋಡಿಗೆ ಮೊದಲು ನಮೂನೆ 1ರಿಂದ 5ರವರೆಗೆ ದಾಖಲೆ ಪರಿಶೀಲನೆ ಮುಗಿಯಬೇಕು, ನಂತರ 6ರಿಂದ 10ರವರೆಗೆ ಅಳತೆಯ ಕೆಲಸ. ಮೂಲ ಕಡತ ಇಲ್ಲವೆಂದರೆ ಮೊದಲ ಹಂತದಲ್ಲೇ ನಿಲುಗಡೆ.

ಹಾಗೆ ನಿಂತರೆ ಬದುಕು ಎಲ್ಲೆಲ್ಲಿ ನಿಲ್ಲುತ್ತದೆ? ಬಹುಮಾಲೀಕತ್ವದ ಪಹಣಿಗೆ ಬ್ಯಾಂಕಿನವರು ಬೆಳೆಸಾಲ ಕೊಡಲು ಹಿಂದೇಟು ಹಾಕುತ್ತಾರೆ, ಏಕೆಂದರೆ ಒಬ್ಬರ ಸಾಲ, ಒಬ್ಬರ ಮೇಲಿನ ತಡೆಯಾಜ್ಞೆ ಎಲ್ಲರಿಗೂ ಕಾಣುವ 11ನೇ ಕಾಲಂನಲ್ಲಿ ಬಂದು ಕೂರುತ್ತದೆ. ಭಾಗ ಮಾರಬೇಕೆಂದರೆ, ಮಕ್ಕಳಿಗೆ ವಿಭಾಗ ಮಾಡಬೇಕೆಂದರೆ ಆ ಭಾಗವನ್ನು ಗುರುತಿಸುವ ಸರ್ವೆಯ 11ಇ ನಕ್ಷೆ ಬೇಕು, ಪೋಡಿಯಾಗದೆ ಅದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಗಾರ ಬೆಂಬಲ ಬೆಲೆಗೆ ಕೊಬ್ಬರಿ ಬಿಡಬೇಕಾದರೆ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆ ಬೇಕು, ಅದು ಪಹಣಿಗೆ ಜೋಡಣೆಯಾಗಿರಬೇಕು. ಪಹಣಿ ಇಲ್ಲದವರು ಅದೇ ಕೊಬ್ಬರಿಯನ್ನು ಮಧ್ಯವರ್ತಿ ಹೇಳಿದ ಬೆಲೆಗೆ ಕೊಟ್ಟು ಬರುತ್ತಾರೆ. ಆಲೂರು, ಸಕಲೇಶಪುರದ ಕಡೆ ಆನೆ ಹಿಂಡು ರಾತ್ರಿ ಗದ್ದೆಗೆ ನುಗ್ಗಿ ಭತ್ತ ತುಳಿದುಹಾಕಿದರೆ ಪರಿಹಾರದ ಅರ್ಜಿಯ ಜತೆಗೂ ಪಹಣಿ ಕೇಳುತ್ತಾರೆ. ಗೋಮಾಳ ಕರಗಿದ ಊರಲ್ಲಿ ದನ ಮೇಯಿಸುವವರಿಗೆ ಜಾಗವಿಲ್ಲ, ಶಾಲೆಗೆ, ಸ್ಮಶಾನಕ್ಕೆ, ನಿವೇಶನಕ್ಕೆ ಸರ್ಕಾರಿ ಜಾಗ ಹುಡುಕಿದರೆ ಸಿಗುವುದಿಲ್ಲ. ಲಂಚದ ಮೊತ್ತವನ್ನಷ್ಟೇ ನಷ್ಟವೆಂದು ಎಣಿಸುವವರು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಲೆನಾಡಿನ ತಾಲ್ಲೂಕುಗಳಲ್ಲಿ ಇದರ ಮೇಲೆ ಅರಣ್ಯದ ಪ್ರಶ್ನೆಯೂ ಕೂತಿದೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪರಿಭಾವಿತ ಅರಣ್ಯದ (ಅಧಿಸೂಚನೆಯಾಗದಿದ್ದರೂ ಕಾಡೆಂದು ಪರಿಗಣಿಸುವ ನೆಲ) ಪಟ್ಟಿ ತಯಾರಾಯಿತು, ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಎಂದಿದ್ದದ್ದು 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಕಂದಾಯ ಇಲಾಖೆ ಮಂಜೂರು ಮಾಡಿದ ನೆಲ ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡಾಗಿರುವ ಕಡೆ ಜಂಟಿ ಸರ್ವೆ ಆಗದೆ ಯಾವ ಚೀಟಿಗೂ ಬಲವಿಲ್ಲ. ಇತ್ತ ಒತ್ತುವರಿ ಮಾಡಿದ ಸರ್ಕಾರಿ ಭೂಮಿಯಲ್ಲಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾಯ್ದೆಗೆ ತಿದ್ದುಪಡಿಯಾಗಿದೆ. ಎರಡು ಎಕರೆಯವರು ಚೀಟಿಗೆ ಕಾಯುತ್ತಿರುವಾಗ 25 ಎಕರೆಯವರಿಗೆ ದಾರಿ ತೆರೆದದ್ದು ಹಳ್ಳಿಗಳಲ್ಲಿ ಚರ್ಚೆಗೆ ಬಂದಿರುವುದು ಸಹಜ.

ದೂರು ಕೊಡುವ ದಾರಿಗಳೂ ಬದಲಾಗುತ್ತ ಬಂದಿವೆ. 1984ರ ಕಾಯ್ದೆಯಿಂದ ಲೋಕಾಯುಕ್ತ, 2005ರಲ್ಲಿ ಮಾಹಿತಿ ಹಕ್ಕು, 2012ರಿಂದ ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಸಕಾಲ. ಸಕಾಲದಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರ ಹೋಯಿತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿದ ಮೇಲೆ ಅದು ಮರಳಿತು. ಟ್ರ್ಯಾಪ್, ಅಂದರೆ ಲಂಚ ಪಡೆಯುವಾಗಲೇ ಹಿಡಿಯುವ ಬಲೆ, ನಡೆಯುವ ರೀತಿ ಹೆಚ್ಚು ಬದಲಾಗಿಲ್ಲ. ದೂರುದಾರ ತರುವ ನೋಟುಗಳ ನಂಬರ್ ಬರೆದುಕೊಂಡು, ಇಬ್ಬರು ಪಂಚರ ಎದುರು ಫಿನಾಫ್ತಲೀನ್ ಪುಡಿ ಸವರುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿರುಗಿದ್ದಷ್ಟೇ ಸಾಲದು, ಹಣ ಕೇಳಿದ್ದೂ ಸಾಬೀತಾಗಬೇಕು. ದೂರುದಾರ ಸಾಕ್ಷಿ ಹೇಳುವಾಗ ಉಲ್ಟಾ ಹೊಡೆದು ಎಷ್ಟೋ ಪ್ರಕರಣ ಬಿದ್ದುಹೋಗಿವೆ. ಅವರ ಜಮೀನಿನ ಕೆಲಸ ಅದೇ ಕಚೇರಿಯಲ್ಲೇ ಬಾಕಿ ಇರುತ್ತದೆ ಎಂಬುದನ್ನು ಮರೆಯಬಾರದು. ಬೇರೆ ಸಾಕ್ಷ್ಯ, ಸಂದರ್ಭಗಳಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಈ 7 ದಿನದ ವಿಷಯ ಹಳ್ಳಿಯಲ್ಲಿ ಬಹಳ ಜನಕ್ಕೆ ತಿಳಿದಿಲ್ಲ, ತಿಳಿಯಲೇಬೇಕಾದದ್ದು.

ಈಗಿನ ಹಂತದಲ್ಲಿ ಎರಡು ಕೆಲಸ ನಡೆಯುತ್ತಿವೆ. ಬಗರ್‌ಹುಕುಂ ಆ್ಯಪ್‌ನಲ್ಲಿ ಜಮೀನಿನ ಗಡಿ ಗುರುತಿಸಿ, ಉಪಗ್ರಹ ಚಿತ್ರದ ಜತೆ ತಾಳೆ ನೋಡಿ, ಆಮೇಲೆ ಸಮಿತಿಯ ಮುಂದೆ ಇಡುವುದು. ಮಂಜೂರಾದರೆ ಡಿಜಿಟಲ್ ಸಾಗುವಳಿ ಚೀಟಿ. ಇನ್ನೊಂದು, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯ ಕಡತಗಳನ್ನು ಭೂಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡುವುದು. ಎರಡೂ ಬೇಕಾದ ಕೆಲಸ. ಆದರೆ ಸ್ಕ್ಯಾನಿಂಗ್ ಯಂತ್ರಕ್ಕೆ ಅಸಲಿ ಹಾಳೆ, ಆಮೇಲೆ ಸೇರಿಸಿದ ಹಾಳೆ ಎಂಬ ಭೇದವಿಲ್ಲ. ಕಡತ ಸ್ಕ್ಯಾನ್ ಆಗುವ ಮೊದಲೇ ಕಾಣೆಯಾಗಿದ್ದರೆ ಇಲ್ಲ ಎಂಬುದೂ ಕಾಯಂ ಆಗುತ್ತದೆ. ಹಾಗಾಗಿ ಹಳೆ ಚೀಟಿ ಇರುವವರು ಮೂರು ದಾಖಲೆಗಳ ದೃಢೀಕೃತ ನಕಲನ್ನು ಈಗಲೇ ಪಡೆಯುವುದು ಒಳ್ಳೆಯದು: ತಮ್ಮ ಹೆಸರಿರುವ ಸಮಿತಿ ನಡಾವಳಿಯ ಪುಟ, ಚೀಟಿ ವಿತರಣಾ ವಹಿಯ ಪುಟ, ಕಿಮ್ಮತ್ತು ಕಟ್ಟಿದ ಚಲನ್. ಮೂರರಲ್ಲೂ ಆದೇಶ ಸಂಖ್ಯೆ, ದಿನಾಂಕ, ವಿಸ್ತೀರ್ಣ ಒಂದೇ ಇರಬೇಕು. ಕೊಡಲು ಸತಾಯಿಸಿದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಬರಬೇಕು. ಕಡತ ಇಲ್ಲವೆಂದರೆ ಆ ಉತ್ತರವನ್ನೂ ಬರಹದಲ್ಲೇ ಪಡೆದು, ಸ್ವೀಕೃತಿ ಮುದ್ರೆ, ದಿನಾಂಕದ ಸಮೇತ ಇಟ್ಟುಕೊಳ್ಳಬೇಕು. ಉಪವಿಭಾಗಾಧಿಕಾರಿಯ ಮುಂದೆ ಹೋಗುವಾಗ ಮೊದಲು ಕೇಳುವುದು ಅದನ್ನೇ.