ಕೂಗಿದರೆ ಸ್ವರ ಏರುತ್ತದೆ, ವ್ಯಂಜನ ಏರುವುದಿಲ್ಲ

"ಕೂಗಬೇಡ ಕಣೋ, ಕೇಳಿಸ್ತದೆ. ಏನು ಹೇಳ್ತಿದ್ದೀಯ ಅಂತ ಗೊತ್ತಾಗ್ತಿಲ್ಲ ಅಷ್ಟೆ." ವಯಸ್ಸಾದವರಿರುವ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಅಜ್ಜನದು ಹಠ ಎಂದುಕೊಂಡು ನಾವು ಇನ್ನೂ ಗಟ್ಟಿಯಾಗಿ ಕೂಗುತ್ತೇವೆ. ಅಜ್ಜ ಹೇಳುತ್ತಿರುವುದು ಅಪ್ಪಟ ವಿಜ್ಞಾನ.

ಅ, ಆ, ಎ, ಒ ಮುಂತಾದ ಸ್ವರಗಳ ಶಕ್ತಿ ಹೆಚ್ಚಾಗಿ 1000 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 1000 ಕಂಪನಗಳ, ಕೆಳಗೇ ಇರುತ್ತದೆ. 'ಸ' ಸದ್ದಿನ ಬಹುಪಾಲು ಇರುವುದು 4000 ಹರ್ಟ್ಸ್‌ನಿಂದ ಮೇಲೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಭಾಗವನ್ನೇ. ಹಳೆಯ ದೂರವಾಣಿ ಸಂಪರ್ಕ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನದನ್ನು ದಾಟಿಸುತ್ತಲೇ ಇರಲಿಲ್ಲ. ಫೋನಿನಲ್ಲಿ ಹೆಸರು ಬರೆಸುವಾಗ "ಸರಸ್ವತಿಯ ಸ, ಶಂಕರನ ಶ" ಎಂದು ಬಿಡಿಸಿ ಹೇಳಬೇಕಾಗುತ್ತಿದ್ದುದು ಇದರಿಂದಲೇ.

ಕೂಗಿದರೆ ಈ ಕೊರತೆ ಏಕೆ ನೀಗುವುದಿಲ್ಲ? ಗಂಟಲ ಉಬ್ಬಿನ ಮೇಲೆ ಎರಡು ಬೆರಳಿಟ್ಟು 'ಮ್‌ಮ್‌ಮ್' ಎನ್ನಿ, ಆಮೇಲೆ 'ಸ್‌ಸ್‌ಸ್' ಎನ್ನಿ. ಮೊದಲನೆಯದಕ್ಕೆ ಬೆರಳಡಿ ಅದುರುತ್ತದೆ, ಎರಡನೆಯದಕ್ಕೆ ಇಲ್ಲ. ಗಂಟಲಲ್ಲಿರುವ ಧ್ವನಿತಂತುಗಳು ಕಂಪಿಸಿ ಕೊಡುವುದು ಸ್ವರ. ಪ, ತ, ಕ, ಸಗಳಲ್ಲಿ ಆ ಕಂಪನವೇ ಇಲ್ಲ. ಅವು ತುಟಿ, ಹಲ್ಲು, ನಾಲಿಗೆ, ಅಂಗುಳಗಳು ಗಾಳಿಯನ್ನು ತಡೆದು ಇಲ್ಲವೇ ಉಜ್ಜಿ ಮಾಡುವ ಸಣ್ಣ ಸದ್ದುಗಳು. ಕೂಗಿದಾಗ ಬಲ ಹೋಗುವುದು ಗಂಟಲಿಗೆ. ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅವುಗಳ ನಡುವೆ ಮುಳುಗುತ್ತವೆ. ಮಾತಿನ ಗಟ್ಟಿತನ ಸ್ವರದ್ದು, ಅರ್ಥದ ದೊಡ್ಡ ಪಾಲು ವ್ಯಂಜನದ್ದು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಮಜಲಿದೆ. 'ಕತೆ', 'ಕತ್ತೆ' ಎರಡನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅಲೆಯ ಚಿತ್ರ ತೋರಿಸುವ ಯಾವುದಾದರೂ ಆ್ಯಪಿನಲ್ಲಿ ತೆರೆದು ನೋಡಿ. ತಕಾರವಿರಬೇಕಾದ ಜಾಗದಲ್ಲಿ ಕಾಣುವುದು ಹೆಚ್ಚುಕಡಿಮೆ ಚಪ್ಪಟೆ ಗೆರೆ! ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತಿ ನಿಂತು ಗಾಳಿಯನ್ನು ಪೂರ್ತಿ ತಡೆದಿರುವ ಹೊತ್ತು ಅದು. 'ಕತ್ತೆ'ಯಲ್ಲಿ ಈ ಗೆರೆ ಸುಮಾರು ಇಮ್ಮಡಿ ಉದ್ದ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಳಿಗೂ ಹಳ್ಳಿಗೂ ಹಾಗೆಯೇ, ನಾಲಿಗೆ ಅಂಗುಳದಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೇ ವ್ಯತ್ಯಾಸ. ಅಲ್ಲಿ ಗಂಟಲು ಸುಮ್ಮನಿರುವುದಿಲ್ಲ ಅಷ್ಟೆ. ಅವಸರದಲ್ಲಿ ಮಾತಾಡಿದರೆ ಈ ನಿಲುಗಡೆಗಳು ಕುಗ್ಗುತ್ತವೆ. ಆದ್ದರಿಂದ ಸ್ಪಷ್ಟತೆ ಬೇಕೆನ್ನುವವರು ಮೊದಲು ಮಾಡಬೇಕಾದ್ದು ಒತ್ತಕ್ಷರಕ್ಕೆ ಅದರ ಹೊತ್ತನ್ನು ಕೊಡುವುದು. ದಿನಪತ್ರಿಕೆಯ ನಾಲ್ಕು ಸಾಲನ್ನು ಸಣ್ಣ ದನಿಯಲ್ಲೇ, ಪ್ರತಿ ಒತ್ತನ್ನೂ ಒತ್ತಿ ಓದಿದರೆ ಸಾಕು, ಫರಕು ತಿಳಿಯುತ್ತದೆ.

ಹಕಾರದ ವಿಷಯಕ್ಕೆ ಬಂದರೆ ನಮ್ಮಲ್ಲಿ ವಿಜ್ಞಾನಕ್ಕಿಂತ ಗೇಲಿಯೇ ಜಾಸ್ತಿ. 'ಹಾಡು' ಎನ್ನುವಾಗ ಧ್ವನಿತಂತುಗಳು ಒಂದು ಕ್ಷಣ ಪೂರ್ತಿ ಸೇರದೆ ಉಸಿರಿಗೆ ದಾರಿ ಬಿಡುತ್ತವೆ; 'ಆಡು' ಎನ್ನುವಾಗ ಮೊದಲಿಂದಲೇ ಸೇರಿ ಕಂಪಿಸುತ್ತವೆ. ನಾಲಿಗೆಗೆ ಇಲ್ಲಿ ಕೆಲಸವೇ ಇಲ್ಲ, ಹಾಗಾಗಿ "ನಾಲಿಗೆ ಹೊರಳೋದಿಲ್ಲ" ಎಂಬ ಬೈಗುಳಕ್ಕೆ ಅರ್ಥವೂ ಇಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಹಕಾರ ಬಿಡುವುದು ಅಲ್ಲಿನ ಕನ್ನಡದ ರೂಢಿ. ಅದು ದೋಷವಲ್ಲ ಎಂದೇ ನನ್ನ ವಾದ. ಸುದ್ದಿ ಓದುವವರಿಗೆ, ರಂಗದ ಮೇಲೆ ನಿಲ್ಲುವವರಿಗೆ ಬೇಕಾದರೆ ಅಭ್ಯಾಸ ಸುಲಭ: ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು ಹೇಳಿದರೆ 'ಹಾ'ಗೆ ಬಿಸಿಯುಸಿರು ತಾಗುತ್ತದೆ, 'ಆ'ಗೆ ಅಷ್ಟು ತಾಗುವುದಿಲ್ಲ. ಗೇಲಿಗೆ ಹೆದರಿ ಕಲಿತವರು 'ಆಮೇಲೆ'ಯನ್ನೂ 'ಹಾಮೇಲೆ' ಮಾಡಿಕೊಂಡುಬಿಡುತ್ತಾರೆ.

ನಿಜವಾಗಿ ಚಿಂತೆ ಮಾಡಬೇಕಾದ್ದು ಕಂಠದ ಬಗ್ಗೆ, ಅದರಲ್ಲೂ ಮೇಷ್ಟ್ರುಗಳ ಕಂಠದ ಬಗ್ಗೆ. ಸಾಮಾನ್ಯ ಮಾತಿನಲ್ಲಿ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಸರವು 100ರಿಂದ 130 ಸಲ ಬಡಿದುಕೊಳ್ಳುತ್ತವೆ. ಒಂದು ಗಂಟೆಯ ಪಾಠದಲ್ಲಿ ದನಿ ಹೊರಡುವ ಕಾಲ ಅರ್ಧ ಗಂಟೆ ಎಂದಿಟ್ಟುಕೊಂಡರೂ ಟೀಚರಮ್ಮನ ಲೆಕ್ಕ 3.6 ಲಕ್ಷ. ಕೂಗಿದಷ್ಟೂ ಪ್ರತಿ ಬಡಿತ ಜೋರು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ತಂತುಗಳ ಮೇಲೂ ಸಣ್ಣ ಗಂಟು ಕಟ್ಟುತ್ತವೆ, ದನಿ ಒಡೆಯುತ್ತದೆ. ಸದ್ದಿನ ನಡುವೆ ನಮಗರಿವಿಲ್ಲದೆಯೇ ನಮ್ಮ ದನಿ ಏರುವುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದ. ರಸ್ತೆ ಕಡೆಯ ಕಿಟಕಿ ಮುಚ್ಚುವುದು, ಮಕ್ಕಳು ಸುಮ್ಮನಾಗುವವರೆಗೆ ಕಾಯುವುದು, ಒಂದು ಸಣ್ಣ ಮೈಕು ಇಟ್ಟುಕೊಳ್ಳುವುದು, ಇವು ಗಂಟಲಿನ ಯಾವ ಔಷಧಿಗಿಂತಲೂ ಮೇಲು.

ಔಷಧಿ ಎಂದರೆ ನೆನಪಾಗುವುದು ಕಲ್ಲುಸಕ್ಕರೆ, ಜ್ಯೇಷ್ಠಮಧು. ನುಂಗಿದ್ದು ಹೋಗುವುದು ಅನ್ನನಾಳಕ್ಕೆ, ಧ್ವನಿತಂತುಗಳಿರುವುದು ಗಾಳಿಯ ದಾರಿಯಲ್ಲಿ. ಕಲ್ಲುಸಕ್ಕರೆ ಅವುಗಳನ್ನು ತಾಕಿದರೆ ನಮಗೆ ಕೆಮ್ಮು ಹತ್ತಿಕೊಳ್ಳುತ್ತದೆ! ಕುಡಿದ ನೀರು ಕೂಡ ಮೈಗೆ ಸೇರಿ, ನಿಧಾನಕ್ಕೆ ಅಲ್ಲಿನ ಲೋಳೆಯನ್ನು ತೆಳುವಾಗಿಡುತ್ತದೆ ಅಷ್ಟೆ. ಆದ್ದರಿಂದ ಭಾಷಣಕ್ಕೆ ಎದ್ದು ನಿಂತಾಗ ಗುಟುಕರಿಸುವುದಕ್ಕಿಂತ ದಿನವಿಡೀ ಕುಡಿದಿರುವುದು ಲೇಸು. ಭಾಷಣಕ್ಕೆ ಮುಂಚೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಚಾಳಿಯೂ ತಂತುಗಳಿಗೆ ಹೊಡೆತವೇ. ಅದರ ಬದಲು ಒಂದು ಸ್ಟ್ರಾ ಬಾಯಲ್ಲಿಟ್ಟು ಅದರೊಳಗೆ 'ಊ' ಎಂದು ರಾಗ ಎಳೆಯಬಹುದು. ಮುಂದೆ ದಾರಿ ಕಿರಿದಾದಾಗ ಗಾಳಿಯ ಒತ್ತಡ ಹಿಮ್ಮರಳಿ, ತಂತುಗಳು ಕಡಿಮೆ ಬಡಿದಾಟದಲ್ಲೇ ಕಂಪಿಸುತ್ತವೆ. ಅಮೆರಿಕದ ವಿಜ್ಞಾನಿ ಇಂಗೋ ಟಿಟ್ಸೆ ಜನಪ್ರಿಯಗೊಳಿಸಿದ ವ್ಯಾಯಾಮವಿದು. ಬಾಯಿ ಮುಚ್ಚಿ ಗುನುಗುವುದೂ ಇದೇ ಜಾತಿಯದು.

ಒಡೆದ ದನಿ ಮೂರ್ನಾಲ್ಕು ವಾರವಾದರೂ ಸರಿಹೋಗದಿದ್ದರೆ ಮನೆಮದ್ದು ನಿಲ್ಲಿಸಿ, ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿ. ಬೀಡಿ ಸಿಗರೇಟು ಸೇದುವವರಂತೂ ಅಷ್ಟು ದಿನವೂ ಕಾಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತಿಗೂ ಕಂಠಕ್ಕೂ ಚಿಕಿತ್ಸೆಯಿದೆ. ಸಂಗೀತದ ಮೇಷ್ಟ್ರಾಗಿದ್ದ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ವೈದ್ಯರ ಕನ್ನಡಿ ಮತ್ತು ಬಿಸಿಲಿನ ನೆರವಿನಿಂದ ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡಿದ್ದ. ಈಗ ತೆಳುವಾದ ಕ್ಯಾಮೆರಾ ಬಂದಿದೆ, ಕೆಲವೇ ನಿಮಿಷದ ಕೆಲಸ.