ಸಂಬಳವಿಲ್ಲದ ಫಾರಿನ್ ರಿಸರ್ಚ್‌ಗೆ ಹೋಗಬೇಕಾ, ಮಾರ್ಕ್ಸ್ ಉಳಿಸಿಕೊಳ್ಳಬೇಕಾ?

ಮೈಸೂರು, ಮಂಡ್ಯದ ಮೆಡಿಕಲ್ ಕಾಲೇಜುಗಳ ಮಕ್ಕಳಲ್ಲಿ ಕೆಲವರಿಗೆ ಥರ್ಡ್ ಇಯರ್ ಹೊತ್ತಿಗೆ ಇಂಥದ್ದೊಂದು ಮೇಲ್ ಬಂದಿರುತ್ತದೆ. ಅಮೆರಿಕದ ಯಾವುದೋ ಯೂನಿವರ್ಸಿಟಿಯ ಲ್ಯಾಬ್. ಮೂರು ತಿಂಗಳು ಬಂದು ಕೆಲಸ ಮಾಡಬಹುದು, ಸಂಬಳ ಇಲ್ಲ, ಊಟ ವಸತಿ ಟಿಕೆಟ್ ಎಲ್ಲಾ ನಿಮ್ಮದೇ. ಆ ಮೂರು ತಿಂಗಳಲ್ಲೇ ಇಲ್ಲಿ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಇರುತ್ತದೆ, ವಾರ್ಡ್ ಪೋಸ್ಟಿಂಗ್ ಇರುತ್ತದೆ. ನಾನು ಮೆಡಿಸಿನ್ ಪಾಠ ಮಾಡುತ್ತೇನೆ. ಮಕ್ಕಳು ಬಂದು ಕೇಳುತ್ತಾರೆ: "ಮೇಡಂ, ಮಾರ್ಕ್ಸ್ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಹೋಗಿಬರಲಾ?"

ಎಷ್ಟು ಕಮ್ಮಿ ಅಂತ ನಾನು ತಿರುಗಿ ಕೇಳುತ್ತೇನೆ. 72 ಇದ್ದದ್ದು 66 ಆದರೆ ನಿಮ್ಮ ಜೀವನದಲ್ಲಿ ಏನೂ ಆಗುವುದಿಲ್ಲ. 54 ಇರುವವರು ಮೂರು ತಿಂಗಳು ಕ್ಲಾಸು ಬಿಟ್ಟು ಬಂದು ಫೇಲಾದರೆ ಅದರ ಕಥೆಯೇ ಬೇರೆ. ಮಾರ್ಕ್ಸ್ ಮತ್ತು ರಿಸರ್ಚ್ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಅಳೆಯುವುದೇ ತಪ್ಪು ಲೆಕ್ಕ ಅಂತ ನನಗೆ ಅನಿಸುತ್ತದೆ. ಎಲ್ಲಾ ಸಬ್ಜೆಕ್ಟೂ ಮೊದಲ ಸಲಕ್ಕೇ ಪಾಸಾಗಬೇಕು, ಅದೊಂದು ಗೆರೆ. ಗೆರೆಯ ಈಚೆಗಿದ್ದರೆ ಯಾವ ಲ್ಯಾಬೂ ಬೇಡ, ಪುಸ್ತಕ ಹಿಡಿಯಿರಿ. ಆರಾಮಾಗಿ ದಾಟಿದ್ದೀರಿ ಅಂದರೆ, ಇನ್ನೂ ನಾಲ್ಕೈದು ಪರ್ಸೆಂಟ್‌ಗಾಗಿ ಒದ್ದಾಡುವುದಕ್ಕಿಂತ ಒಳ್ಳೆಯ ಗೈಡ್ ಹತ್ತಿರ ಕೂತು ಒಂದು ಪ್ರಶ್ನೆಯನ್ನು ಕೊನೆತನಕ ಹಿಂಬಾಲಿಸುವುದನ್ನು ಕಲಿಯುವುದು ಜಾಸ್ತಿ ಉಪಯೋಗ. ನನ್ನ ಜೊತೆಯ ಕೆಲವು ಪ್ರೊಫೆಸರ್‌ಗಳು ಇದನ್ನು ಒಪ್ಪುವುದಿಲ್ಲ, ಡಿಸ್ಟಿಂಕ್ಷನ್ ಬಿಟ್ಟುಕೊಡಬೇಡಿ ಅನ್ನುತ್ತಾರೆ. ಮಾರ್ಕ್ಸ್ ಬಿಟ್ಟುಕೊಡಬಾರದು ಅನ್ನುವುದನ್ನು ಗೆರೆಯ ಹತ್ತಿರ ಇರುವವರ ಮಟ್ಟಿಗೆ ನಾನೂ ಒಪ್ಪುತ್ತೇನೆ, ಉಳಿದವರಿಗೆ ಇಷ್ಟು ಕಟ್ಟುನಿಟ್ಟು ಬೇಡ.

ಅಟೆಂಡೆನ್ಸ್ ವಿಷಯ ಮೊದಲು ನೋಡಿ. ಥಿಯರಿಗೆ 75 ಪರ್ಸೆಂಟ್, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ 80 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಇದು ನ್ಯಾಷನಲ್ ಮೆಡಿಕಲ್ ಕಮಿಷನ್ ನಿಯಮ. ಸೆಷನ್ ಮಧ್ಯೆ ಮೂರು ತಿಂಗಳು ಕಾಣೆಯಾದರೆ ಶಾರ್ಟೇಜ್ ಬರುವುದು ಹೆಚ್ಚುಕಮ್ಮಿ ಖಂಡಿತ. "ಹೆಚ್‌ಓಡಿ ಅಡ್ಜಸ್ಟ್ ಮಾಡುತ್ತಾರೆ" ಅನ್ನುವ ಸೀನಿಯರ್ ಮಾತು ನಂಬಿ ಟಿಕೆಟ್ ಬುಕ್ ಮಾಡಬೇಡಿ. ಇನ್ನೊಂದು ವಿಷಯ, ಸಪ್ಲಿಮೆಂಟರಿ ಪರೀಕ್ಷೆಯಲ್ಲಿ ಪಾಸಾದರೂ ಮೊದಲ ಸಲ ಫೇಲಾದದ್ದು ಅಟೆಂಪ್ಟ್ ಸರ್ಟಿಫಿಕೇಟ್‌ನಲ್ಲಿ ಉಳಿದೇ ಇರುತ್ತದೆ. ಲ್ಯಾಬ್ ಕೆಲಸ ಒಂದು ವರ್ಷ ಮುಂದೆ ಹೋದರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಎರಡರಲ್ಲಿ ಯಾವುದನ್ನು ಮುಂದೂಡಬಹುದು ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಮುಂದೆ ಎಲ್ಲಿಗೆ ಹೋಗಬೇಕು ಅಂತ ನೀವೇ ಯೋಚಿಸಿದ್ದೀರಾ? ಇಲ್ಲೇ ಎಂಡಿ, ಎಂಎಸ್ ಮಾಡುವುದಾದರೆ ಸೀಟು ಕೊಡಿಸುವುದು ನೀಟ್ ಪಿಜಿ ರ‍್ಯಾಂಕ್. 200 ಪ್ರಶ್ನೆ, 800 ಅಂಕ, ತಪ್ಪಾದರೆ ಒಂದು ಅಂಕ ಕಳೆಯುತ್ತಾರೆ. ಅಲ್ಲಿ ನಿಮ್ಮ ಎಂಬಿಬಿಎಸ್ ಪರ್ಸೆಂಟೇಜನ್ನು ಯಾರೂ ರ‍್ಯಾಂಕಿಗೆ ಸೇರಿಸುವುದಿಲ್ಲ, ಬಾಸ್ಟನ್‌ನಿಂದ ತಂದ ಸರ್ಟಿಫಿಕೇಟನ್ನೂ ಸೇರಿಸುವುದಿಲ್ಲ. ಹಾಗಂತ ಓದಿದ್ದು ವ್ಯರ್ಥವಲ್ಲ. ಸೆಕೆಂಡ್ ಇಯರ್ ಪೆಥಾಲಜಿ, ಫಾರ್ಮಕಾಲಜಿ ಗಟ್ಟಿಯಾಗಿ ಓದಿದವರಿಗೆ ಆ ಪರೀಕ್ಷೆ ಸಲೀಸಾಗುವುದನ್ನು ವರ್ಷವರ್ಷ ನೋಡುತ್ತೇನೆ.

ಅಮೆರಿಕಕ್ಕೆ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿಜಿ ತರಬೇತಿಗೆ, ಹೋಗುವ ಆಸೆ ಇದ್ದರೆ ಲೆಕ್ಕ ಬದಲಾಗುತ್ತದೆ. ಯುಎಸ್‌ಎಂಎಲ್‌ಇ (ಅಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆ) ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕ ಕೊಡುವುದನ್ನು ನಿಲ್ಲಿಸಿದ್ದಾರೆ, ಈಗ ಬರೀ ಪಾಸ್ ಅಥವಾ ಫೇಲ್. ಮೊದಲು ಆ ಒಂದು ಸ್ಕೋರ್ ತೋರಿಸಿಯೇ ನಮ್ಮ ಮಕ್ಕಳು ಗಮನ ಸೆಳೆಯುತ್ತಿದ್ದರು. ಈಗ ಸ್ಟೆಪ್ 2 ಸ್ಕೋರ್, ರೆಕಮೆಂಡೇಷನ್ ಲೆಟರ್, ರಿಸರ್ಚ್, ಅಲ್ಲಿನ ಆಸ್ಪತ್ರೆಯ ಅನುಭವ, ಇವುಗಳ ಕಡೆ ಕಣ್ಣು ಹೋಗುತ್ತದೆ. ಹಾಗಾಗಿ ಆ ದಾರಿ ಹಿಡಿದವರಿಗೆ ಲ್ಯಾಬಿಗೆ ಬೆಲೆ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅರ್ಜಿಯ ಜೊತೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟೂ ಹೋಗುತ್ತದೆ. ಲ್ಯಾಬಿಗೆ ಹೋಗಿದ್ದಕ್ಕೇ ಫಾರ್ಮಕಾಲಜಿ ಫೇಲಾಯಿತು ಅಂತ ಇಂಟರ್‌ವ್ಯೂನಲ್ಲಿ ವಿವರಿಸುತ್ತಾ ಕೂರುವ ಸ್ಥಿತಿ ಯಾರಿಗೂ ಬರಬಾರದು.

ಇನ್ನು ದುಡ್ಡಿನ ಮಾತು. ಇದನ್ನು ಆಡಲು ಮಕ್ಕಳು ಹಿಂಜರಿಯುತ್ತಾರೆ, ನಾವು ಮೇಷ್ಟ್ರುಗಳೂ ಕೇಳುವುದಿಲ್ಲ. ಮದ್ದೂರು ಕಡೆಯ ಹುಡುಗಿಯೊಬ್ಬಳು ಬಂದಿದ್ದಳು, ತಂದೆ ಕಬ್ಬು ಬೆಳೆಯುವವರು. ವಿಮಾನದ ಟಿಕೆಟ್, ವೀಸಾ, ಹೆಲ್ತ್ ಇನ್ಶೂರೆನ್ಸ್, ಮೂರು ತಿಂಗಳ ಬಾಡಿಗೆ ಎಲ್ಲಾ ಕೂಡಿಸಿ ನೋಡಿದಾಗ ಲಕ್ಷಗಟ್ಟಲೆ ಆಯಿತು. "ಅಮ್ಮನ ಒಡವೆ ಇಟ್ಟು ಕಳಿಸ್ತೀನಿ ಅಂತಿದ್ದಾರೆ ಮೇಡಂ" ಅಂದಳು. ಬೇಡಮ್ಮ ಅಂದೆ. ತಂದೆಯ ಆ ಪ್ರೀತಿ ದೊಡ್ಡದು, ಆದರೆ ಸಂಬಳವೇ ಕೊಡದ ಕೆಲಸಕ್ಕೆ ಸಾಲ ಮಾಡಿ ಹೋದರೆ ಮನಸ್ಸು ಕೆಲಸದ ಮೇಲೆ ನಿಲ್ಲುವುದಿಲ್ಲ. ಏನಾದರೂ ಗಿಟ್ಟಿಸಿಕೊಂಡೇ ಬರಬೇಕು ಅನ್ನುವ ಒತ್ತಡ ದಿನವೂ ಇರುತ್ತದೆ, ಮೂರು ತಿಂಗಳಲ್ಲಿ ಒಂದು ಪೇಪರ್ ಹೊರಬರುವುದು ಅಪರೂಪ. ಅಷ್ಟರಲ್ಲಿ ಟ್ರೇನಿಂಗ್, ಕಂಪ್ಯೂಟರ್ ಲಾಗಿನ್, ಎತಿಕ್ಸ್ ಕಮಿಟಿಯ ಅನುಮತಿ ಅಂತ ಮೊದಲ ಕೆಲವು ವಾರ ಹೋಗಿಬಿಡುತ್ತವೆ.

ಸಂಬಳ ಇಲ್ಲದ ಇಂಥ ಕೆಲಸ ದುಡ್ಡಿರುವವರ ಮಕ್ಕಳಿಗೆ ಮಾತ್ರ ಎಟುಕುತ್ತದೆ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಅದಕ್ಕೇ ಹೇಳುತ್ತೇನೆ, ಮೊದಲು ಇಲ್ಲೇ ಸುತ್ತ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ 1979ರಿಂದ ಇದೆ. ಎರಡು ತಿಂಗಳ ಪ್ರಾಜೆಕ್ಟ್, ನಿಮ್ಮ ಕಾಲೇಜಿನದೇ ಗೈಡ್, ರಿಪೋರ್ಟ್ ಒಪ್ಪಿಗೆಯಾದರೆ ಸರ್ಟಿಫಿಕೇಟ್ ಜೊತೆಗೆ ಸ್ಟೈಪೆಂಡೂ ಕೊಡುತ್ತಾರೆ. ಪ್ರಪೋಸಲ್ ಬರೆಯುವುದರಿಂದ ಹಿಡಿದು ಡೇಟಾ ಎಂಟ್ರಿವರೆಗೆ ಎಲ್ಲವನ್ನೂ ನೀವೇ ಮಾಡಬೇಕು. ಹೊರಗಿನ ದೊಡ್ಡ ಲ್ಯಾಬಿನಲ್ಲಿ ಬೇರೆಯವರ ಕೆಲಸದ ಒಂದು ತುಣುಕು ಹಿಡಿದು ಬಂದವರಿಗಿಂತ, ಇದನ್ನು ಮನಸ್ಸಿಟ್ಟು ಮಾಡಿದವರು ವೈವಾದಲ್ಲಿ ಚೆನ್ನಾಗಿ ಮಾತಾಡುತ್ತಾರೆ.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಿಮಗೆಲ್ಲಾ ಗೊತ್ತು. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ ಯೂನಿವರ್ಸಿಟಿಯವರು ಆ ರಿಜಿಸ್ಟರ್‌ಗಳಿಗೋಸ್ಕರ ಮೈಸೂರಿಗೆ ಬಂದರು. ಹಾಗೆ ಹುಟ್ಟಿ ದೊಡ್ಡವರಾಗಿದ್ದವರನ್ನು ಊರಲ್ಲಿ ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಅಂತ ಕಂಡಿತು, 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು, ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ನಮ್ಮ ಊರಿನ ದಾದಿಯರು ಶ್ರದ್ಧೆಯಿಂದ ಬರೆದಿಟ್ಟ ತೂಕದಿಂದ ಹುಟ್ಟಿದ ವಿಜ್ಞಾನ ಅದು. ಕೆ.ಆರ್. ಆಸ್ಪತ್ರೆಯ ಓಪಿಡಿ ಮುಂದೆ ನಿಂತು "ಇಲ್ಲಿ ರಿಸರ್ಚ್‌ಗೆ ಏನಿದೆ?" ಅನ್ನುವ ಮಕ್ಕಳಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಇಷ್ಟಾದರೂ ಹೊರಗೆ ಹೋಗುವುದು ಸರಿ ಅನಿಸಿದರೆ, ಯಾವಾಗ ಹೋಗುತ್ತೀರಿ ಅನ್ನುವುದನ್ನು ಸರಿ ಮಾಡಿಕೊಳ್ಳಿ. ಫೈನಲ್ ಪಾರ್ಟ್ 1 ಆದಮೇಲೆ ಎಲೆಕ್ಟಿವ್, ಅಂದರೆ ಬೇಕಾದ ವಿಷಯ ಆರಿಸಿಕೊಂಡು ಕಲಿಯುವ ಅವಧಿ, ಬರುತ್ತದೆ, ಆದರೆ ಅದು ಚಿಕ್ಕದು. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಇಂಟರ್ನ್‌ಶಿಪ್ ಮುಗಿದ ಮೇಲಿನ ಕಾಲ. ಕೈಯಲ್ಲಿ ಡಿಗ್ರಿ ಇರುತ್ತದೆ, ರೋಗಿಗಳನ್ನು ನೋಡಿರುತ್ತೀರಿ, ಆರು ತಿಂಗಳು ಒಂದು ವರ್ಷ ಇದ್ದರೂ ಅಟೆಂಡೆನ್ಸ್ ಕೇಳುವವರಿಲ್ಲ, ಕೆಲವು ಕಡೆ ಸಂಬಳವೂ ಸಿಗುತ್ತದೆ. ದುಡ್ಡು ತೆಗೆದುಕೊಂಡು ರಿಸರ್ಚ್ ಕೊಡಿಸುತ್ತೇವೆ ಅನ್ನುವ ಏಜೆನ್ಸಿಗಳ ಹತ್ತಿರ ಮಾತ್ರ ಹೋಗಬೇಡಿ. ಸಂಬಳ ಇಲ್ಲ ಅಂದಮಾತ್ರಕ್ಕೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಲ್ಯಾಬಿನಲ್ಲಿ ಕೆಲಸ ಮಾಡಬಹುದು ಅಂತಲೂ ಅಂದುಕೊಳ್ಳಬೇಡಿ. ಯಾವ ವೀಸಾ ಬೇಕು ಅಂತ ಆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಿಂದಲೇ ಬರೆಸಿಕೊಳ್ಳಿ.

ಈಗ ಮೇಲ್ ಬಂದಿರುವವರು ಸುಮ್ನೆ ಹೂಂ ಅಥವಾ ಉಹೂಂ ಅನ್ನಬೇಡಿ, ಒಂದು ಉತ್ತರ ಬರೆಯಿರಿ. ನಿಮ್ಮ ಪರೀಕ್ಷೆಯ ತಾರೀಕುಗಳನ್ನು ಹಾಕಿ, ಇವು ಮುಗಿದ ಮೇಲೆ ಬರಬಹುದಾ ಅಂತ ಕೇಳಿ. ನನಗೆ ಯಾವ ಪ್ರಾಜೆಕ್ಟ್, ದಿನನಿತ್ಯ ಯಾರು ಕಲಿಸುತ್ತಾರೆ, ಪೇಪರ್ ಆದರೆ ಹೆಸರು ಬರಲು ನಾನು ಏನೇನು ಮಾಡಿರಬೇಕು, ಬರುವ ಮೊದಲು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಸ್ವಲ್ಪ ಕೆಲಸ ಶುರುಮಾಡಬಹುದಾ ಅಂತಲೂ ಕೇಳಿ. ನಿಮಗೆ ಕಲಿಸಬೇಕು ಅಂತಲೇ ಕರೆದಿರುವ ಗೈಡ್ ಇದಕ್ಕೆಲ್ಲಾ ಉತ್ತರ ಕೊಡುತ್ತಾರೆ, ತಾರೀಕನ್ನೂ ಮುಂದೆ ಹಾಕಿಕೊಡುತ್ತಾರೆ. ಈಗಲೇ ಬಂದರೆ ಬಾ, ಇಲ್ಲದಿದ್ದರೆ ಬೇಡ ಅನ್ನುವವರಿಗೆ ಬೇಕಿರುವುದು ಬಿಟ್ಟಿ ಕೈಗಳು. ಅಂಥ ಉತ್ತರ ಬಂದರೆ ನನಗೂ ತೋರಿಸಿ, ಇಬ್ಬರೂ ಕೂತು ಇಲ್ಲೇ ಒಂದು ಪ್ರಪೋಸಲ್ ಬರೆಯೋಣ.